ಮೂವತ್ತು ಸೆಂಟಿಮೀಟರ್ ದೂರದ ಸಾಗುವಾನಿ

ಯುದ್ಧನೌಕೆಯ ಮಾದರಿಗೆ ಸಾಗುವಾನಿ ಡೆಕ್ ಹಾಸಬೇಕೆನ್ನುವವರು ಮೊದಲು ಕೈಬಿಡಬೇಕಾದದ್ದು ಸಾಗುವಾನಿಯನ್ನೇ. ಒಂದು ತುಂಡು ಸಾಗುವಾನಿಯನ್ನು ಅಡ್ಡಲಾಗಿ ಕುಯ್ದು ಭೂತಗನ್ನಡಿ ಹಿಡಿದು ನೋಡಿ. ಪ್ರತಿ ವಾರ್ಷಿಕ ಉಂಗುರದ ಆರಂಭದಲ್ಲಿ, ಮರ ಬೇರಿನಿಂದ ನೀರು ಏರಿಸಿಕೊಂಡ ನಾಳಗಳು ಸಾಲುಗಟ್ಟಿ ಬಾಯಿ ತೆರೆದಿರುತ್ತವೆ. ದೊಡ್ಡವುಗಳ ವ್ಯಾಸ 0.2 ಮಿ.ಮೀ. ದಾಟುತ್ತದೆ. ಬಾಗಿಲ ಚೌಕಟ್ಟಿಗೋ ಮಂಚಕ್ಕೋ ಅದು ಲೆಕ್ಕಕ್ಕೇ ಬಾರದ ಅಳತೆ. ಅದೇ ಮರವನ್ನು, ಹಡಗನ್ನು 350 ಪಟ್ಟು ಕುಗ್ಗಿಸಿದ ಮಾದರಿಯ ಮೇಲೆ ಹಾಸಿದರೆ ಆ ನಾಳ ಡೆಕ್ಕಿನ ಮೇಲೆ 7 ಸೆಂ.ಮೀ. ಅಗಲದ ಕಾಲುವೆಯಾಗುತ್ತದೆ. ನಾವಿಕನ ಬೂಟಿನ ಹಿಮ್ಮಡಿ ಅದರಲ್ಲಿ ಸಿಕ್ಕಿಕೊಳ್ಳಬೇಕು! ಹಡಗು ಕುಗ್ಗಿತು, ಮರದ ಜೀವಕೋಶ ಕುಗ್ಗಲಿಲ್ಲ.

ಕುಗ್ಗದವು ಇನ್ನೂ ಇವೆ. ಬೆಳಕಿನ ಅಲೆಯುದ್ದ ಕುಗ್ಗುವುದಿಲ್ಲ. ನೋಡುವವನ ಕಣ್ಣು ಕುಗ್ಗುವುದಿಲ್ಲ. ಮಳೆಗಾಲದ ತೇವ ಮಾದರಿಯೆಂದು ರಿಯಾಯಿತಿ ಕೊಡುವುದಿಲ್ಲ. ಮಾದರಿ ಹಡಗಿನಲ್ಲಿ ಫಿರಂಗಿ, ಗೋಪುರ, ಚಿಮಣಿಗಳನ್ನು ಅಳತೆಗೆ ತಕ್ಕಂತೆ ಚಿಕ್ಕದು ಮಾಡಿದರೆ ಕೆಲಸ ಬಹುಮಟ್ಟಿಗೆ ಮುಗಿಯಿತು. ಡೆಕ್ಕಿನ ವಿಷಯದಲ್ಲಿ ಹಾಗಲ್ಲ. ಅಳತೆಗೋಲಿಗೆ ಸರಿಯಾಗಿ ಮಾಡಿದ ಡೆಕ್ಕೇ ಕಣ್ಣಿಗೆ ಸುಳ್ಳಾಗಿ ಕಾಣುವುದುಂಟು.

ಉಕ್ಕಿನ ಹಡಗಿಗೆ ಮರದ ಡೆಕ್ ಯಾಕೆ ಬೇಕಿತ್ತು ಎಂಬುದನ್ನು ಮೊದಲು ನೋಡೋಣ. ಬ್ರಿಟನ್ನಿನ ಹುಡ್, ಜರ್ಮನಿಯ ಬಿಸ್ಮಾರ್ಕ್, ಅಮೆರಿಕದ ಮಿಸೌರಿ, ಎಲ್ಲವುಗಳ ಮೈ ಉಕ್ಕಿನದು. ಮೇಲಿನ ಡೆಕ್ಕಿಗೆ ಮಾತ್ರ ಸಾಗುವಾನಿ ಹಲಗೆಯ ಹೊದಿಕೆ. ಉಕ್ಕಿನಲ್ಲಿ ಶಾಖ ಹರಿಯುವ ವೇಗ ಸಾಗುವಾನಿಯದಕ್ಕಿಂತ ಇನ್ನೂರು ಮುನ್ನೂರು ಪಟ್ಟು ಹೆಚ್ಚು. ಬರಿಯ ಉಕ್ಕಿನ ಡೆಕ್ ಇದ್ದರೆ ಉಷ್ಣವಲಯದಲ್ಲಿ ಅದರ ಕೆಳಗೆ ಮಲಗುವ ನಾವಿಕರು ಬೇಯುತ್ತಾರೆ. ಉತ್ತರ ಅಟ್ಲಾಂಟಿಕ್‌ನಲ್ಲಿ ಅವರ ಉಸಿರಿನ ಆವಿಯೇ ಸೂರಿಗೆ ತಗುಲಿ ಹನಿಹನಿಯಾಗಿ ಮೈಮೇಲೆ ತೊಟ್ಟಿಕ್ಕುತ್ತದೆ. ನೀರು ಬಿದ್ದಾಗ ಉಕ್ಕು ಜಾರುತ್ತದೆ, ಮರ ಕಾಲನ್ನು ಹಿಡಿಯುತ್ತದೆ. ಮರವೇ ಬೇಕೆಂದಾದ ಮೇಲೆ ಇಂಗ್ಲೆಂಡಿನ ಸ್ವಂತದ ಓಕ್ ಯಾಕಾಗಲಿಲ್ಲವೆಂದರೆ, ಓಕ್‌ನಲ್ಲಿರುವ ಆಮ್ಲಗಳು ಕಬ್ಬಿಣವನ್ನು ತಿನ್ನುತ್ತವೆ. ಸಾಗುವಾನಿ ತನ್ನ ಎಣ್ಣೆಯಂಶದಿಂದಾಗಿ ಕಬ್ಬಿಣದ ಜತೆ ಸಮಾಧಾನದಲ್ಲಿ ಬದುಕುತ್ತದೆ, ಒದ್ದೆಯಾಗಿ ಒಣಗಿದರೂ ಹೆಚ್ಚು ಹಿಗ್ಗದು ಕುಗ್ಗದು, ಹುಳಕ್ಕೂ ಬಗ್ಗದು.

ಹುಳಕ್ಕೆ ಬಗ್ಗದು ಎಂಬುದಕ್ಕೆ ಸಮುದ್ರದ ತಳದಲ್ಲೇ ಸಾಕ್ಷಿ ಸಿಕ್ಕಿದೆ. ರಾಬರ್ಟ್ ಬ್ಯಾಲರ್ಡ್ 1985ರಲ್ಲಿ ಟೈಟಾನಿಕ್ ಹಡಗನ್ನು ಸುಮಾರು 3,800 ಮೀಟರ್ ಆಳದಲ್ಲಿ ಪತ್ತೆ ಮಾಡಿದ ತಂಡದ ಮುಂದಾಳು. ಅದರ ಪೈನ್ ಮರದ ಡೆಕ್ಕನ್ನು ಮರಕೊರಕ ಜೀವಿಗಳು ತಿಂದು ಮುಗಿಸಿದ್ದವು. 1989ರಲ್ಲಿ ಅದೇ ಬ್ಯಾಲರ್ಡ್ ಇನ್ನೂ ಸಾವಿರ ಮೀಟರ್‌ನಷ್ಟು ಹೆಚ್ಚಿನ ಆಳದಲ್ಲಿ ಬಿಸ್ಮಾರ್ಕ್ ಅನ್ನು ಕಂಡಾಗ ಅದರ ಸಾಗುವಾನಿ ಡೆಕ್ಕಿನ ಬಹುಭಾಗ ಹಾಗೆಯೇ ಉಳಿದಿತ್ತು. ಈ ಮರದ ಹಡಗು ಚರಿತ್ರೆಯಲ್ಲಿ ನಮ್ಮದೂ ಒಂದು ಪಾಲಿದೆ. ಮುಂಬೈಯ ವಾಡಿಯಾ ಮನೆತನದ ಹಡಗು ಕಟ್ಟುಗರು ಸಾಗುವಾನಿಯಲ್ಲೇ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕೊಮಲಿ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇಂದಿಗೂ ತೇಲುತ್ತಿದೆ. ಆ ಕಾಲದಲ್ಲಿ ಮುಂಬೈ ಹಡಗುಕಟ್ಟೆಗೆ ಮಲಬಾರಿನ ಜತೆಗೆ ಕೆನರಾದ ಕಾಡುಗಳಿಂದಲೂ ಮರ ಹೋಗುತ್ತಿತ್ತು. ಇಪ್ಪತ್ತನೆಯ ಶತಮಾನದ ಉಕ್ಕಿನ ನೌಕೆಗಳ ಹೊತ್ತಿಗೆ ಹಡಗು ಕಟ್ಟುವವರ ಕಣ್ಣು ಬರ್ಮಾದ ಕಾಡುಗಳ ಮೇಲೆ ಬಿದ್ದಿತ್ತು.

ಹಲಗೆ ಹಾಸುವುದಕ್ಕೆ ತನ್ನದೇ ವ್ಯಾಕರಣವಿದೆ. ಮಾದರಿ ಮಾಡುವವರು ಎಡವುವುದು ಹೆಚ್ಚಾಗಿ ಇಲ್ಲೇ. ಉಕ್ಕಿನ ತಟ್ಟೆಯಿಂದ ಮೇಲೆದ್ದ ಬೋಲ್ಟುಗಳ ಮೇಲೆ ಹಲಗೆಯನ್ನು ಕೂರಿಸಿ, ನಟ್ಟನ್ನು ಹಲಗೆಯ ಮೈಯೊಳಗೆ ತಗ್ಗಿಸಿ ಬಿಗಿದು, ಮೇಲಿನ ತೂತಿಗೆ ಮರದ ಬಿರಟೆ ಹೊಡೆದು ಸಮ ಮಾಡುತ್ತಾರೆ. ಎರಡು ಹಲಗೆಗಳ ನಡುವೆ ಬೇಕೆಂದೇ ಒಂದು ಸಂದು ಬಿಡುತ್ತಾರೆ. ಹಳೆಯ ಹಗ್ಗ ಬಿಚ್ಚಿ ತೆಗೆದ ನಾರನ್ನು ಆ ಸಂದಿಗೆ ಉಳಿಯಂಥ ಸಲಕರಣೆಯಿಂದ ಜಡಿದು ತುರುಕಿ, ಮೇಲೆ ಬಿಸಿ ಡಾಂಬರು ಸುರಿಯುತ್ತಾರೆ. ದೂರದಿಂದ ನಮಗೆ ಕಾಣುವ ಕಪ್ಪು ಗೆರೆ ಇದೇ. ಡೆಕ್ಕಿಗೆ ಡೆಕ್ಕಾಗಿರುವ ಗುಣ ಬಂದಿರುವುದು ಈ ಗೆರೆಯಿಂದ.

ಹಡಗಿನಷ್ಟುದ್ದದ ಹಲಗೆ ಯಾವ ಕಾಡಿನಲ್ಲೂ ಸಿಗುವುದಿಲ್ಲ. ಆರೇಳು ಮೀಟರಿನ ತುಂಡುಗಳನ್ನು ತುದಿಗೆ ತುದಿ ಜೋಡಿಸಬೇಕು. ಇಟ್ಟಿಗೆ ಗೋಡೆಯಲ್ಲಿ ಒಂದರ ಮೇಲೊಂದು ಸಂದು ಬಾರದಂತೆ ಮೇಸ್ತ್ರಿ ನೋಡಿಕೊಳ್ಳುವ ಹಾಗೆ, ಇಲ್ಲೂ ಪಕ್ಕಪಕ್ಕದ ಹಲಗೆಗಳ ಕೂಡುತುದಿಗಳು ಒಂದೇ ನೇರಕ್ಕೆ ಬರಕೂಡದು. ಹಡಗು ಅಲೆಯ ಮೇಲೆ ಬಾಗಿ ಏಳುವಾಗ ಎಲ್ಲ ಕೂಡುತುದಿಗಳೂ ಒಂದೇ ಸಾಲಿನಲ್ಲಿದ್ದರೆ ಡೆಕ್ ಅಲ್ಲೇ ಬಾಯಿ ಬಿಡುತ್ತದೆ. ಅದಕ್ಕಾಗಿ, ಒಂದೇ ತೊಲೆಯ ಮೇಲೆ ಎರಡು ಕೂಡುತುದಿಗಳು ಬರಬೇಕಾದರೆ ನಡುವೆ ಕಡೇಪಕ್ಷ ಮೂರು ಅಖಂಡ ಹಲಗೆಗಳಿರಬೇಕೆಂಬುದು ಹಳೆಯ ಹಡಗು ಕಟ್ಟುಗರ ನಿಯಮ. ಈ ನಿಯಮ ಪಾಲಿಸಿದಾಗ ಡೆಕ್ಕಿನ ಮೇಲೆ ತನ್ನಷ್ಟಕ್ಕೆ ಒಂದು ಮೆಟ್ಟಿಲಿನ ವಿನ್ಯಾಸ ಮೂಡುತ್ತದೆ. ಮಾದರಿಯಲ್ಲಿ ಕೂಡುತುದಿಗಳನ್ನು ಮನಸ್ಸಿಗೆ ಬಂದಂತೆ ಚೆಲ್ಲಿದರೆ, ನೋಡುವವನಿಗೆ ನಿಯಮ ಗೊತ್ತಿಲ್ಲದಿದ್ದರೂ ಏನೋ ತಪ್ಪಿದೆ ಎನ್ನಿಸುತ್ತದೆ.

ಅಂಚಿನ ಕೆಲಸ ಇನ್ನೂ ಸೂಕ್ಷ್ಮ. ಹಲಗೆಗಳು ಹಡಗಿನ ನಡುಗೆರೆಗೆ ಸಮಾನಾಂತರವಾಗಿ ಓಡುತ್ತವೆ. ಹಡಗಿನ ಪಕ್ಕ ಮಾತ್ರ ಮೂತಿಯ ಕಡೆಗೆ ಬಾಗುತ್ತ ಬಂದು ಅವುಗಳನ್ನು ಓರೆಯಾಗಿ ಕತ್ತರಿಸುತ್ತದೆ. ಹಾಗೇ ಬಿಟ್ಟರೆ ಪ್ರತಿ ಹಲಗೆಯೂ ಸೂಜಿಮೊನೆಯಂತೆ ಮುಗಿಯಬೇಕಾಗುತ್ತದೆ. ಅಂಥ ಮೊನೆಗೆ ಬೋಲ್ಟು ಹಾಕಿದರೆ ಸೀಳುತ್ತದೆ, ನಾರು ಜಡಿದರೆ ಮುರಿಯುತ್ತದೆ. ಅದಕ್ಕೆ ಬಡಗಿಗಳು ಅಂಚಿನುದ್ದಕ್ಕೂ ಅಗಲವಾದ ಒಂದು ಹಲಗೆ ಹಾಕಿ, ಡೆಕ್ಕಿನ ಹಲಗೆಯ ತುದಿಯನ್ನು ಮೊಂಡಾಗಿ ಕತ್ತರಿಸಿ, ಅಂಚಿನ ಹಲಗೆಯಲ್ಲಿ ಅದೇ ಆಕಾರದ ಕಚ್ಚು ತೆಗೆದು ಒಳಗೆ ಕೂರಿಸಿದರು. ಮೇಲಿನಿಂದ ನೋಡಿದರೆ ಅಂಚು ಗರಗಸದ ಹಲ್ಲಿನಂತೆ ಸಾಗುತ್ತದೆ. ಮಾದರಿಯನ್ನು ಮಾಡಿದವನಿಗೆ ಹಡಗು ಗೊತ್ತೋ ಇಲ್ಲವೋ ಎಂದು ತಿಳಿಯಲು ನಾನು ಫಿರಂಗಿ ನೋಡುವುದಿಲ್ಲ, ಈ ಅಂಚು ನೋಡುತ್ತೇನೆ.

ಇನ್ನು ಲೆಕ್ಕ. ಹಲಗೆಯ ಅಗಲ ಹಡಗಿನಿಂದ ಹಡಗಿಗೆ ಬೇರೆ. ಸುಲಭಕ್ಕೆ 15 ಸೆಂ.ಮೀ. ಎಂದೂ ಸಂದು 6 ಮಿ.ಮೀ. ಎಂದೂ ಇಟ್ಟುಕೊಳ್ಳೋಣ. ಪ್ಲಾಸ್ಟಿಕ್ ಯುದ್ಧನೌಕೆಗಳಲ್ಲಿ ಎರಡು ಅನುಪಾತಗಳು ಹೆಚ್ಚು ಬಳಕೆಯಲ್ಲಿವೆ. ಒಂದು 1:350. ಇನ್ನೊಂದು 1:700, ಜಪಾನಿನ ಶಿಜುವೊಕದ ಕಂಪನಿಗಳು ಒಟ್ಟಾಗಿ 1971ರಲ್ಲಿ ಆರಂಭಿಸಿದ, ನೀರಿನ ಮಟ್ಟದಿಂದ ಮೇಲಿನ ಭಾಗವನ್ನಷ್ಟೇ ತೋರಿಸುವ ಮಾಲಿಕೆಯಿಂದ ಇದು ಜನಪ್ರಿಯವಾಯಿತು. 270 ಮೀಟರ್ ಉದ್ದದ ಮಿಸೌರಿ ಮೊದಲನೆಯದರಲ್ಲಿ 77 ಸೆಂ.ಮೀ., ಎರಡನೆಯದರಲ್ಲಿ ಅದರರ್ಧ. ಹಲಗೆಯ ಅಗಲ ಕ್ರಮವಾಗಿ 0.43 ಮತ್ತು 0.21 ಮಿ.ಮೀ. ಸಂದು 0.017 ಮತ್ತು 0.009 ಮಿ.ಮೀ. ತಲೆಗೂದಲು 0.05ರಿಂದ 0.1 ಮಿ.ಮೀ. ದಪ್ಪವಿರುತ್ತದೆ ಎಂದರೆ ಸಂದು ಎಷ್ಟು ಸಣ್ಣದೆಂದು ತಿಳಿಯುತ್ತದೆ.

ಇಷ್ಟು ಸಣ್ಣ ಗೆರೆ ಎಳೆಯಲು ಯಾವ ಕುಂಚದಿಂದಲೂ ಆಗದು. ಅದೃಷ್ಟಕ್ಕೆ, ಎಳೆಯಬೇಕಾಗಿಯೂ ಇಲ್ಲ. ಆರೋಗ್ಯವಂತ ಕಣ್ಣು ಬೇರೆಬೇರೆಯಾಗಿ ಗುರುತಿಸಬಲ್ಲ ಅತಿ ಚಿಕ್ಕ ಕೋನ ಒಂದು ಡಿಗ್ರಿಯ ಅರುವತ್ತನೇ ಒಂದು ಭಾಗ. ಮಾದರಿಯನ್ನು ನಾವು ಸಾಮಾನ್ಯವಾಗಿ 30 ಸೆಂ.ಮೀ. ದೂರದಿಂದ ನೋಡುತ್ತೇವೆ, ಅಲ್ಲಿ ಆ ಕೋನಕ್ಕೆ ಸಿಗುವ ಅಗಲ ಸುಮಾರು 0.09 ಮಿ.ಮೀ. ಅದಕ್ಕಿಂತ ಸಣ್ಣ ಕಪ್ಪು ಗೆರೆ ಪೂರ್ತಿ ಮಾಯವಾಗುವುದಿಲ್ಲ ಎಂಬುದು ಇಲ್ಲಿನ ಸ್ವಾರಸ್ಯ. ಕಣ್ಣು ಅದನ್ನು ತನ್ನ ಕನಿಷ್ಠ ಅಗಲಕ್ಕೆ ಹರಡುತ್ತದೆ. ಹರಡಿದಷ್ಟೂ ಕಪ್ಪು ತೆಳುವಾಗುತ್ತದೆ. 0.017 ಮಿ.ಮೀ.ನ ಗಾಢ ಕಪ್ಪು ಗೆರೆ, 0.09 ಮಿ.ಮೀ. ಅಗಲದ ಮಾಸಲು ಗೆರೆಯಾಗಿ ಕಾಣುತ್ತದೆ. ಕಪ್ಪಿನ ತೀವ್ರತೆ ಮೂಲದ ಐದನೇ ಒಂದು ಭಾಗ ಮಾತ್ರ. 1:700ರಲ್ಲಿ ಅದು ಹತ್ತನೇ ಒಂದು.

ಇದನ್ನೇ ತಿರುಗಿಸಿ ನೋಡಿದರೆ ಮಾದರಿಕಾರನಿಗೆ ಬೇಕಾದ ಸೂತ್ರ ಕೈಗೆ ಬರುತ್ತದೆ. ನೀವು ಎಳೆಯಬಲ್ಲ ಅತಿ ಸಣ್ಣ ಗೆರೆ ಸಂದಿಗಿಂತ ಐದು ಪಟ್ಟು ಅಗಲವಾಗಿದ್ದರೆ, ಅದರ ಬಣ್ಣವನ್ನು ಐದು ಪಟ್ಟು ಮೆದುಗೊಳಿಸಿ. ಕಪ್ಪು ಬೇಡ, ಹಲಗೆಯ ಬಣ್ಣಕ್ಕಿಂತ ಒಂದು ಮೆಟ್ಟಿಲು ಕಂದಿದ ಬೂದುಗಂದು ಸಾಕು. ಅಳತೆಯಲ್ಲಿ ಸುಳ್ಳು, ಕಣ್ಣಿಗೆ ನಿಜ. 1:350ರ ಮಾದರಿಯನ್ನು 30 ಸೆಂ.ಮೀ.ನಿಂದ ನೋಡುವುದೆಂದರೆ ನಿಜವಾದ ಹಡಗನ್ನು 105 ಮೀಟರ್ ಆಚೆಯಿಂದ, ಅದೂ ಮೇಲಿನಿಂದ ಬಗ್ಗಿ ನೋಡಿದಂತೆ. ಅಷ್ಟು ಎತ್ತರದ ವಿಮಾನದಿಂದ ತೆಗೆದ ಯುದ್ಧನೌಕೆಗಳ ಚಿತ್ರ ನೋಡಿದವರಿಗೆ ಗೊತ್ತು: ಡೆಕ್ ಒಂದು ತಿಳಿ ಮೈದಾನ. ಗೆರೆಗಳು ಇವೆಯೆಂಬ ಅನುಮಾನ ಮಾತ್ರ.

ಮಾರುಕಟ್ಟೆಯಲ್ಲಿ ಸಿಗುವ ಮರದ ಡೆಕ್ ಹಾಳೆಗಳು ಈ ಲೆಕ್ಕದಲ್ಲಿ ಸೋಲುತ್ತವೆ. ಕೂದಲ ದಪ್ಪದ ಆಸುಪಾಸಿನ ಮರದ ಪದರವನ್ನು ಹಿಂದೆ ಅಂಟು ಹಚ್ಚಿ, ಹಲಗೆಯ ಗೆರೆಗಳನ್ನು ಲೇಸರಿನಿಂದ ಸುಟ್ಟು ಕೊಡುತ್ತಾರೆ. ಪ್ಲಾಸ್ಟಿಕ್ಕಿನ ಮೇಲೆ ಅಂಟಿಸಿದರೆ ನೋಡಿದವರು ವಾಹ್ ಎನ್ನುತ್ತಾರೆ, ನಿಜ. ಆದರೆ ಮರ ಕತ್ತರಿಸುವ ಇಂಗಾಲದ ಡೈಆಕ್ಸೈಡ್ ಲೇಸರಿನ ಅಲೆಯುದ್ದ 10.6 ಮೈಕ್ರಾನ್, ಕಣ್ಣಿಗೆ ಕಾಣುವ ಹಸಿರು ಬೆಳಕಿನದಕ್ಕಿಂತ ಇಪ್ಪತ್ತು ಪಟ್ಟು ಹೆಚ್ಚು. ಅಲೆಯುದ್ದ ಹೆಚ್ಚಾದಷ್ಟೂ ಕಿರಣವನ್ನು ಚಿಕ್ಕ ಚುಕ್ಕೆಗೆ ಕೂಡಿಸುವುದು ಕಷ್ಟ. ಸಾಮಾನ್ಯ ಮಸೂರದಲ್ಲಿ ಆ ಚುಕ್ಕೆ 0.1 ಮಿ.ಮೀ.ಗಿಂತ ಹೆಚ್ಚು ಕಿರಿದಾಗದು. ಅಂದರೆ 1:350ರಲ್ಲಿ ಮೂರೂವರೆ ಸೆಂಟಿಮೀಟರ್ ಅಗಲದ, ಸುಟ್ಟು ಕರಕಲಾದ ಸಂದು. ಅಗಲವೂ ಹೆಚ್ಚು, ಕಪ್ಪೂ ಪೂರ್ತಿ. ಅಂಥ ಹಾಳೆ ಬಳಸುವವರು ಅದರ ಮೇಲೆ ತೆಳುವಾದ ತಿಳಿಬಣ್ಣದ ಒಂದು ಪದರ ಊದಿ ಗೆರೆಗಳ ಸೊಕ್ಕು ಇಳಿಸುವುದು ಒಳ್ಳೆಯದು. ಮರದ ಮೇಲೆ ಮರದ ಬಣ್ಣ ಬಳಿಯುವುದಕ್ಕೆ ಮನಸ್ಸು ಒಪ್ಪುವುದಿಲ್ಲ ಎಂಬುದು ಬೇರೆ ಮಾತು.

ಈ ಹಾಳೆಗಳಿಗೆ ಇನ್ನೊಂದು ಶತ್ರು ನಮ್ಮ ಮಳೆಗಾಲ. ಮರ ತೇವ ಹೀರಿದಾಗ ಎಳೆಯ ಉದ್ದಕ್ಕೆ ಹಿಗ್ಗುವುದು ತೀರ ಅಲ್ಪ, ಅಡ್ಡಕ್ಕೆ ಅದರ ಹಲವು ಪಟ್ಟು. ಕೆಳಗಿನ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಬಹುತೇಕ ನೀರನ್ನೇ ಹೀರುವುದಿಲ್ಲ. ಒಂದು ಹಿಗ್ಗುತ್ತದೆ, ಇನ್ನೊಂದು ಸುಮ್ಮನಿರುತ್ತದೆ. ನಡುವೆ ಸಿಕ್ಕ ಅಂಟು ಸೋಲುತ್ತದೆ. ಮಂಗಳೂರಿನಲ್ಲಿ ಜುಲೈ ತಿಂಗಳಲ್ಲಿ ಅಂಟಿಸಿದ ಡೆಕ್ ಮಾರ್ಚ್‌ನಲ್ಲಿ ಅಂಚು ಬಿಟ್ಟು ಎದ್ದರೆ ತಯಾರಕನನ್ನು ಬೈದು ಫಲವಿಲ್ಲ. ಹಾಳೆಯನ್ನು ಅಂಟಿಸುವ ಮೊದಲು ಕೆಲವು ದಿನ ಅದೇ ಕೋಣೆಯಲ್ಲಿ ತೆರೆದಿಟ್ಟು, ಆಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಮುಚ್ಚಿಡುವುದೊಂದೇ ದಾರಿ.

ನಿಜವಾದ ಮರದ ಪಟ್ಟಿಗಳನ್ನು ಒಂದೊಂದಾಗಿ ಹಾಸುವ ಸುಖ ಬೇಕಾದರೆ ಅನುಪಾತ ದೊಡ್ಡದಾಗಬೇಕು. 1:96ರಲ್ಲಿ ಹಲಗೆ ಒಂದೂವರೆ ಮಿಲಿಮೀಟರ್ ಅಗಲ. ಕೈಗೆ, ಚಿಮಟಕ್ಕೆ ಸಿಗುತ್ತದೆ. ಜಪಾನಿನ ಕುರೆ ನಗರದ ವಸ್ತುಸಂಗ್ರಹಾಲಯದಲ್ಲಿರುವ ಯಮಾಟೊ ನೌಕೆಯ ಮಾದರಿ 1:10, ಉದ್ದ 26.3 ಮೀಟರ್. ಅಷ್ಟು ದೊಡ್ಡದರಲ್ಲಿ ಯಾವ ಬಡಗಿಗೂ ಅಳುಕಿಲ್ಲ. ನಡುವಿನ ಅನುಪಾತಗಳಲ್ಲಿ ಮಾತ್ರ ಮತ್ತೆ ನಾಳಗಳ ಪ್ರಶ್ನೆ ಎದುರಾಗುತ್ತದೆ. ಉತ್ತರ ಹಳೆಯದು: ನಾಳಗಳು ಸಣ್ಣವಾಗಿ, ಉಂಗುರದ ಉದ್ದಗಲಕ್ಕೂ ಸಮನಾಗಿ ಹರಡಿರುವ ಮರವನ್ನು ಆರಿಸುವುದು. ಹದಿನೇಳು, ಹದಿನೆಂಟನೆಯ ಶತಮಾನದ ಬ್ರಿಟಿಷ್ ನೌಕಾಮಂಡಳಿಯ ಮಾದರಿಗಳನ್ನು ಮಾಡಿದವರು ಬಾಕ್ಸ್‌ವುಡ್ ಮತ್ತು ಪಿಯರ್ ಹಣ್ಣಿನ ಮರಗಳನ್ನು ಹಿಡಿದದ್ದು ಸುಮ್ಮನೆ ಅಲ್ಲ. ಬಾಕ್ಸ್‌ವುಡ್‌ನ ನಾಳಗಳು 0.05 ಮಿ.ಮೀ.ಗಿಂತ ಕಿರಿದು, ಬರಿಗಣ್ಣಿಗೆ ಕಾಣವು. ಹಾಲಿ ಎಂಬ ಯೂರೋಪಿನ ಮರ ಇನ್ನೂ ಬೆಳ್ಳಗೆ, ಎಳೆಯೇ ಇಲ್ಲವೆನ್ನುವಷ್ಟು ನಯ. ಚನ್ನಪಟ್ಟಣದ ಗೊಂಬೆಗಾರರು ಕಡೆಯುವ ಹಾಲೆಮರವೂ ಗುಣದಲ್ಲಿ ಇದೇ ಬಳಗದ್ದು. ಬಿಳಿ ಮೈ, ಸಣ್ಣ ಎಳೆ. ನಮ್ಮಲ್ಲಿ ಮಾದರಿ ಹಡಗು ಮಾಡುವವರು ದುಬಾರಿ ಬಾಕ್ಸ್‌ವುಡ್ ತರಿಸುವ ಮೊದಲು ಅದನ್ನೊಮ್ಮೆ ಸೀಳಿ ನೋಡಬಾರದೇಕೆ? ಸಂದಿನ ಗೆರೆಗೆ ಕೆಲವರು ಕಪ್ಪು ಕಾಗದದ ಪಟ್ಟಿ ಇಡುತ್ತಾರೆ. ಅದಕ್ಕಿಂತ, ಪಟ್ಟಿಯ ಒಂದು ಅಂಚಿಗೆ ಮೆತ್ತನೆಯ ಪೆನ್ಸಿಲ್ ಉಜ್ಜಿ ಪಕ್ಕದ್ದಕ್ಕೆ ಒತ್ತಿ ಅಂಟಿಸಿದರೆ ಸಿಗುವ ಗೆರೆ 1:96ರ ಸಂದಿಗೆ ತುಂಬ ಹತ್ತಿರ.

ಬಣ್ಣಕ್ಕೆ ಬಂದರೆ ಒಂದು ಜನಪ್ರಿಯ ನಂಬಿಕೆಯನ್ನು ಮುಟ್ಟಿ ನೋಡಬೇಕು. ದೂರದ ವಸ್ತು ಗಾಳಿಯ ಮಬ್ಬಿನಿಂದ ತಿಳಿಯಾಗಿ ಕಾಣುತ್ತದೆ, ಆದ್ದರಿಂದ ಮಾದರಿಯ ಬಣ್ಣಕ್ಕೆ ಬಿಳಿ ಬೆರೆಸಬೇಕು ಎಂಬುದು ಆ ನಂಬಿಕೆ. ಇಪ್ಪತ್ತು ಕಿಲೋಮೀಟರ್‌ವರೆಗೆ ಕಾಣುವ ಸಾಧಾರಣ ದಿನದಲ್ಲಿ 105 ಮೀಟರ್ ಗಾಳಿ ಕಸಿಯುವ ವೈದೃಶ್ಯ ಶೇ. 2 ಮಾತ್ರ. ಅದಕ್ಕಾಗಿ ಬಿಳಿ ಡಬ್ಬಿ ತೆರೆಯಬೇಕಿಲ್ಲ. ಆದರೂ ಬಿಳಿ ಬೆರೆಸಿದ ಮಾದರಿಗಳೇ ಚೆನ್ನಾಗಿ ಕಾಣುತ್ತವೆ ಎಂದು ಅನುಭವಿಗಳು ಹೇಳುವುದಕ್ಕೆ ಕಾರಣವನ್ನು ಕೋಣೆಯ ದೀಪದಲ್ಲಿ ಹುಡುಕಬೇಕೆಂದು ನನ್ನ ಎಣಿಕೆ. ನಡುಹಗಲಿನ ಸಮುದ್ರದ ಮೇಲೆ ಬೆಳಕು ಲಕ್ಷ ಲಕ್ಸ್‌ನಷ್ಟು. ಮನೆಯ ಕೋಣೆಯಲ್ಲಿ ಮುನ್ನೂರು ಇದ್ದರೆ ಹೆಚ್ಚು. ಬೆಳಕು ಇಳಿದಂತೆ ಬಣ್ಣಗಳ ಕಾಂತಿಯೂ ಇಳಿಯುತ್ತದೆ ಎಂಬುದನ್ನು ಆರ್. ಡಬ್ಲ್ಯೂ. ಜಿ. ಹಂಟ್ 1952ರಲ್ಲಿ ಅಳೆದು ತೋರಿಸಿದ್ದರು. ಬಿಳಿ ಬೆರೆಸುವುದು ಆ ಮಂಕಿಗೆ ಕೊಡುವ ಪರಿಹಾರ ಇರಬಹುದು.

ಸಾಗುವಾನಿಯ ಬಣ್ಣವೇ ಒಂದು ನಿಲ್ಲದ ಸಂಗತಿ. ಹೊಸ ಹಲಗೆ ಹೊಂಗಂದು. ಬಿಸಿಲಿನ ನೇರಳಾತೀತ ಕಿರಣ ಮರದ ಲಿಗ್ನಿನ್ ಒಡೆಯುತ್ತದೆ, ನೀರು ಅದನ್ನು ತೊಳೆದೊಯ್ಯುತ್ತದೆ, ಉಳಿದ ಸೆಲ್ಯುಲೋಸ್ ಬೆಳ್ಳಿಬೂದು. ಅದರ ಮೇಲೆ ನಾವಿಕರು ಮರಳುಗಲ್ಲಿನಿಂದ ಉಜ್ಜಿ ಉಜ್ಜಿ ಬೆಳ್ಳಗೆ ಮಾಡುತ್ತಿದ್ದರು. ಒದ್ದೆಯಾದರೆ ಮತ್ತೆ ಕಪ್ಪು: ಒಣಮರದ ಮೇಲ್ಮೈಯಲ್ಲಿ ಗಾಳಿಗೂ ಎಳೆಗೂ ಇರುವ ವಕ್ರೀಭವನದ ಅಂತರ ದೊಡ್ಡದು, ಬೆಳಕು ಅಲ್ಲೇ ಚದುರಿ ಹಿಂತಿರುಗುತ್ತದೆ, ನೀರು ತುಂಬಿದಾಗ ಅಂತರ ಇಳಿದು ಬೆಳಕು ಒಳಗಿಳಿಯುತ್ತದೆ, ಅಲ್ಲೇ ಮುಗಿದುಹೋಗುತ್ತದೆ. ಮಾದರಿಯ ಮರದ ಮೇಲೆ ಹೊಳಪಿನ ವಾರ್ನಿಶ್ ಹಚ್ಚಿದಾಗ ಆಗುವುದೂ ಇದೇ. ಹೊಳಪು ಹಚ್ಚಿದ ಡೆಕ್ ಈಗಷ್ಟೇ ಮಳೆ ನಿಂತ ಡೆಕ್. ಟಮಿಯಾ ಕಂಪನಿಯ ಬಣ್ಣಪಟ್ಟಿಯಲ್ಲಿ ಡೆಕ್ಕಿಗೆಂದೇ ಎಕ್ಸ್‌ಎಫ್-55, ಎಕ್ಸ್‌ಎಫ್-78 ಎಂಬ ಎರಡು ಮಬ್ಬು ಬಣ್ಣಗಳಿವೆ. ಎರಡರಲ್ಲಿ ಯಾವುದು ಸರಿ ಎಂದು ಜಗಳಾಡುವವರು ಹಡಗಿನ ಯಾವ ತಿಂಗಳ, ಯಾವ ಹವೆಯ ಡೆಕ್ ಎಂದು ಮೊದಲು ಕೇಳಿಕೊಳ್ಳಬೇಕು.

ಯುದ್ಧಕಾಲವಾದರೆ ಇನ್ನೂ ಎಚ್ಚರ ಬೇಕು. ಬೆಳ್ಳನೆಯ ಡೆಕ್ ಆಕಾಶದಿಂದ ಎದ್ದು ಕಾಣುತ್ತದೆಂದು ಅಮೆರಿಕದ ನೌಕಾಪಡೆ ಎರಡನೇ ಮಹಾಯುದ್ಧದಲ್ಲಿ ತನ್ನ ಸಾಗುವಾನಿಗೆ 20-ಬಿ ಎಂಬ ಗಾಢ ನೀಲಿಬೂದು ಬಣ್ಣ ಹಚ್ಚಿತು. 1944ರ ಅಮೆರಿಕನ್ ಯುದ್ಧನೌಕೆಗೆ ಹೊಂಬಣ್ಣದ ಡೆಕ್ ಹಾಕಿದರೆ ಚೆಂದ ಇರಬಹುದು, ಸತ್ಯವಿರುವುದಿಲ್ಲ. ವಿಮಾನವಾಹಕಗಳಲ್ಲಿ ಹಲಗೆಯ ದಿಕ್ಕನ್ನೂ ನೋಡಬೇಕು: ಜಪಾನೀಯರು ಹಡಗಿನ ಉದ್ದಕ್ಕೆ ಹಾಸಿದರು, ಅಮೆರಿಕನ್ನರು ಅಡ್ಡಕ್ಕೆ. ಜಪಾನಿನ ಅನೇಕ ಕ್ರೂಸರ್‌ಗಳ ಡೆಕ್ಕಿನಲ್ಲಂತೂ ಮರವೇ ಇಲ್ಲ. ಹಿತ್ತಾಳೆ ಪಟ್ಟಿಗಳಿಂದ ಬಿಗಿದ ಕಂದು ಲಿನೋಲಿಯಂ.

ಪ್ಲಾಸ್ಟಿಕ್ ಡೆಕ್ಕಿಗೆ ಬಣ್ಣ ಹಾಕುವ ಈಗಿನ ರೂಢಿ, ಪಟ್ಟಿ ಅಂಟಿಸಿ ಮರೆಮಾಡಿ ಒಂದೊಂದು ಹಲಗೆಗೂ ಮೂರು ನಾಲ್ಕು ಛಾಯೆಗಳಲ್ಲಿ ಒಂದನ್ನು ಕೊಡುವುದು. ತಾಳ್ಮೆಯ ಕೆಲಸ, ಗೌರವ ಕೊಡಬೇಕಾದದ್ದೇ. ಆದರೆ ಫಲ ಬಹಳ ಸಲ ಚದುರಂಗದ ಮಣೆಯಾಗುತ್ತದೆ. ಒಂದೇ ಕಾಡಿನ ಮರ, ಒಂದೇ ಬಿಸಿಲು, ಒಂದೇ ಉಜ್ಜುವಿಕೆ ಕಂಡ ಹಲಗೆಗಳಲ್ಲಿ ಅಷ್ಟು ಅಂತರ ಉಳಿಯುವುದಿಲ್ಲ. ಇನ್ನೊಂದು ದೋಷ ನಮ್ಮ ಮನಸ್ಸಿನದು. ಮೂರು ಛಾಯೆಗಳನ್ನು ನಿಜವಾಗಿ ಯಾದೃಚ್ಛಿಕವಾಗಿ ಹಂಚಿದರೆ ಪಕ್ಕಪಕ್ಕದ ಎರಡು ಹಲಗೆ ಒಂದೇ ಬಣ್ಣದವಾಗುವ ಸಾಧ್ಯತೆ ಮೂರರಲ್ಲಿ ಒಂದು. ಅಲ್ಲಲ್ಲಿ ಮೂರು ನಾಲ್ಕು ಸತತವಾಗಿ ಒಂದೇ ಬರಲೇಬೇಕು. ಮನುಷ್ಯ ಕೈಯಿಂದ ಹಂಚುವಾಗ ಅಂಥ ಗುಂಪುಗಳನ್ನು ಹುಡುಕಿ ಒಡೆಯುತ್ತಾನೆ. ಹೀಗೆ ಅವನ ಅಸ್ತವ್ಯಸ್ತತೆಯಲ್ಲೂ ಒಂದು ಕ್ರಮ ನುಸುಳಿ ಕಣ್ಣಿಗೆ ಕುಕ್ಕುತ್ತದೆ. ಲೂಡೋ ದಾಳ ಉರುಳಿಸಿ ಬಂದದ್ದನ್ನು ಒಪ್ಪಿಕೊಳ್ಳುವುದು ಇದಕ್ಕೆ ಅಗ್ಗದ ಮದ್ದು: ಒಂದು-ಎರಡಕ್ಕೆ ತಿಳಿ, ಮೂರು-ನಾಲ್ಕಕ್ಕೆ ನಡು, ಐದು-ಆರಕ್ಕೆ ಗಾಢ. ಛಾಯೆಗಳ ನಡುವಿನ ಅಂತರವನ್ನು ನಿಮಗೆ ಸರಿಯೆನಿಸಿದ್ದರ ಅರ್ಧಕ್ಕೆ ಇಳಿಸಿ.

ಇಷ್ಟೆಲ್ಲ ಲೆಕ್ಕ 30 ಸೆಂ.ಮೀ. ದೂರವನ್ನು ನಂಬಿಕೊಂಡದ್ದು. ಈಗ ಮಾದರಿಗಳನ್ನು ಹೆಚ್ಚು ಜನ ನೋಡುವುದು ಫೋನಿನ ಪರದೆಯಲ್ಲಿ, ಐದು ಸೆಂಟಿಮೀಟರ್ ಹತ್ತಿರದಿಂದ ತೆಗೆದ ಚಿತ್ರವಾಗಿ. 1:350ರಲ್ಲಿ ಅದು ನಿಜದ ಹಡಗಿನಿಂದ 17.5 ಮೀಟರ್ ದೂರ. ಅಲ್ಲಿಂದ 6 ಮಿ.ಮೀ. ಸಂದು ಸ್ಪಷ್ಟವಾಗಿ, ಕಪ್ಪಾಗಿ ಕಾಣಲೇಬೇಕು! ನಮ್ಮ ಬೂದುಗಂದು ಗೆರೆ ಅಲ್ಲಿ ಮೊದ್ದಾಗಿ, ಜೋಲುಮುಖ ಹಾಕಿಕೊಂಡು ಕೂರುತ್ತದೆ. ಲೇಸರ್ ಹಾಳೆಯ ಕರಕಲು ಗೆರೆಗೆ ಮೆಚ್ಚುಗೆ ಸಿಗುತ್ತದೆ. ಒಂದೇ ಡೆಕ್ ಎರಡೂ ದೂರಕ್ಕೆ ನಿಜವಾಗಿರಲು ದೃಷ್ಟಿಶಾಸ್ತ್ರ ಬಿಡುವುದಿಲ್ಲ. ಕಪಾಟಿನಲ್ಲಿಟ್ಟು ಮನೆಗೆ ಬಂದವರಿಗೆ ತೋರಿಸುವ ಮಾದರಿಗೆ ನಾನು ಮೆದು ಗೆರೆಯನ್ನೇ ಹೇಳುತ್ತೇನೆ. ಕ್ಯಾಮೆರಾಕ್ಕೆಂದೇ ಮಾಡುವವರು ಅನುಪಾತವನ್ನು 1:200ಕ್ಕೆ ಏರಿಸಿಕೊಳ್ಳಲಿ. ಅಲ್ಲಿ ಸಂದು 0.03 ಮಿ.ಮೀ.; ಚೂಪಾದ ಕೊರೆಮೊನೆ ಇದ್ದರೆ ಅದರ ಹತ್ತಿರಕ್ಕಾದರೂ ಹೋಗಬಹುದು.